ಶ್ರುತಿ ಇಳಿಸಿದ ಮೇಷ್ಟ್ರು

ದೇವಲಾಪುರದ ಮೌನೇಶಾಚಾರಿಗೆ ಲೋಕದಲ್ಲಿ ಯಾರ ಹಾಡೂ ಹಿಡಿಸುತ್ತಿರಲಿಲ್ಲ. ರೇಡಿಯೋದವರು ಮೂಗಿನಲ್ಲಿ ಹಾಡುತ್ತಾರೆ, ಟಿವಿಯವರು ಮುಖದಲ್ಲಿ ಹಾಡುತ್ತಾರೆ, ಭಜನೆಯವರು ಪ್ರಸಾದಕ್ಕೆ ಹಾಡುತ್ತಾರೆ ಎಂಬುದು ಅವನ ತೀರ್ಮಾನ. ತಾನೇ ಕಲಿಸಿದವರ ಹಾಡನ್ನು ಕೇಳಿದರಂತೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಲಿಸಿದ್ದೋ ನೂರಾರು ಜನಕ್ಕೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಊರವರೇ ವೇಷ ಕಟ್ಟಿ ಆಡುವ ಪೌರಾಣಿಕ ನಾಟಕಗಳಿಗೆ ಇಪ್ಪತ್ತೈದು ವರ್ಷ ಅವನು ಹಾರ್ಮೋನಿಯಂ ಮೇಷ್ಟ್ರು. ಹಾರ್ಮೋನಿಯಂ ಅಂತ ಆ ಕಡೆ ಯಾರೂ ಅನ್ನುವುದಿಲ್ಲ, ಪೆಟ್ಟಿಗೆ ಅನ್ನುತ್ತಾರೆ. ಅಪ್ಪ ಮರಗೆಲಸದವನು, ಕೆಟ್ಟ ಪೆಟ್ಟಿಗೆಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ. ಮಗ ಅದನ್ನು ನುಡಿಸಲು ಕಲಿತ.

ಗೋವಿಂದನಹಳ್ಳಿಯ ಚಿಕ್ಕಸ್ವಾಮಿಯದು ಯಾವಾಗಲೂ ರಾಜನ ಪಾರ್ಟು. ಕಬ್ಬು ಬೆಳೆಯುವ ಮನುಷ್ಯ, ದೊಡ್ಡ ದೇಹ, ದೊಡ್ಡ ಗಂಟಲು, ಕಿವಿ ಮಾತ್ರ ದೇವರು ಕೊಡಲಿಲ್ಲ. ಒಂದು ಶ್ರುತಿಯಲ್ಲಿ ಶುರು ಮಾಡಿ, ಮೀಸೆ ತಿರುವುವ ಹೊತ್ತಿಗೆ ಇನ್ನೊಂದಕ್ಕೆ ಏರಿ, ಗದೆ ಎತ್ತುವ ಹೊತ್ತಿಗೆ ಮತ್ತೆಲ್ಲೋ ಬಿದ್ದಿರುತ್ತಿದ್ದ.

"ನೀನು ಹಾಡ್ತಿದ್ರೆ ಈಯಕ್ಕೆ ಬಂದಿರೋ ಎಮ್ಮೆ ಕೂಗ್ದಂಗಾಯ್ತದೆ ಕಣ್ಲಾ" ಎಂದು ಮೌನೇಶಾಚಾರಿ ತಾಲೀಮಿನಲ್ಲಿ ಎಲ್ಲರೆದುರೇ ಬೈಯುತ್ತಿದ್ದ.

"ಬಯ್ಕೊ ಮೇಷ್ಟ್ರೇ, ನಿನ್ ಪೆಟ್ಗೆ ಇರೋಗಂಟ ನಂಗೇನು" ಎಂದು ಚಿಕ್ಕಸ್ವಾಮಿ ನಗುತ್ತಿದ್ದ.

ಅವನ ಮಾತು ಸುಳ್ಳಲ್ಲ. ಹಾಡುವವನು ಎಲ್ಲಿಗೆ ಜಾರಿದರೆ ಪೆಟ್ಟಿಗೆಯೂ ಅಲ್ಲಿಗೆ ಜಾರಬೇಕು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬೆರಳು ಹೊಸ ಮನೆಗೆ ಹೋಗಿ ಕೂತಿರಬೇಕು. ಶ್ರುತಿಯ ಒಂದೊಂದು ಮೆಟ್ಟಿಲಿಗೂ ಮನೆ ಎಂದು ಹೆಸರು. ಆ ಮನೆಗಳ ನಡುವೆ ಮೌನೇಶಾಚಾರಿಯ ಬೆರಳು ಬೆಕ್ಕಿನ ಹಾಗೆ ಓಡಾಡುತ್ತಿತ್ತು. ಜಾರಿದ್ದು ಪ್ರೇಕ್ಷಕರಿಗಿರಲಿ, ಜಾರಿದವನಿಗೂ ತಿಳಿಯುತ್ತಿರಲಿಲ್ಲ. ಬಾಯಿಗೆ ಬಂದಂತೆ ಬೈದರೂ ಅವನು ಯಾರ ಮಾನವನ್ನೂ ರಂಗದ ಮೇಲೆ ಕಳೆದವನಲ್ಲ. ಇದನ್ನು ಅವನು ದೊಡ್ಡ ಗುಣ ಎಂದುಕೊಂಡಿರಲಿಲ್ಲ. ಅದು ಕಸುಬು, ಅಷ್ಟೇ.

ಇಂಥ ಮನುಷ್ಯ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲೇಜಿಗೆ ಸೇರಬೇಕಾಯಿತು. ಪಾಂಡವಪುರದ ಹತ್ತಿರದ ಒಂದು ವಸತಿಶಾಲೆಯಲ್ಲಿ ಅವನು ಸಂಜೆ ಹೊತ್ತು ಸಂಗೀತ ಹೇಳಿಕೊಡುತ್ತಿದ್ದ. ಹನ್ನೊಂದು ವರ್ಷ ಯಾರೂ ಏನೂ ಕೇಳಲಿಲ್ಲ. ಹೊಸ ಆಡಳಿತದವರು ಬಂದವರೇ, ಮೂರು ವರ್ಷದೊಳಗೆ ಸಂಗೀತದಲ್ಲಿ ಡಿಗ್ರಿ ತಂದರೆ ಕೆಲಸ, ಇಲ್ಲದಿದ್ದರೆ ಮನೆ ಎಂದರು. ನಾಟಕಗಳು ವರ್ಷಕ್ಕೆ ನಾಲ್ಕಕ್ಕೆ ಇಳಿದಿದ್ದವು. ಹೆಂಡತಿ ಪವಿತ್ರ, "ಓದೋರೆಲ್ಲಾ ಏನು ದಡ್ರಾ, ಓಗಿ ಓದ್ಕಂಬನ್ನಿ" ಎಂದು ಬಸ್ಸು ಹತ್ತಿಸಿದಳು. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಯ ಪಕ್ಕ ಒಂದು ಖಾಸಗಿ ಕಾಲೇಜು. ಕೆಳಗೆ ಬಿಕಾಂ, ಮೇಲೆ ಬಿಬಿಎ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಂಗೀತ. ತರಗತಿಯಲ್ಲಿ ಒಂಬತ್ತು ಜನ. ಎಂಟು ಹುಡುಗಿಯರು ಅವನನ್ನು ಅಂಕಲ್ ಎನ್ನುತ್ತಿದ್ದರು.

ವಿಭಾಗದ ಮುಖ್ಯಸ್ಥೆ ಜಯಲಕ್ಷ್ಮಮ್ಮ, ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಎಪ್ಪತ್ತೆರಡು ಮೇಳಕರ್ತ ರಾಗಗಳನ್ನು ಹಿಂದಿನಿಂದ ಮುಂದಕ್ಕೂ ಹೇಳಬಲ್ಲರು. ಆದರೆ ತಂಬೂರಿಯ ಒಂದು ತಂತಿ ಹೋದರೂ ಅದನ್ನು ಮೈಸೂರಿಗೆ ಕಳಿಸುತ್ತಿದ್ದರು. ಅದು ಹದಿನೈದು ದಿನ ಬಿಟ್ಟು ಬರುತ್ತಿತ್ತು. ಅಲ್ಲಿಯವರೆಗೆ ತರಗತಿಯಲ್ಲಿ ತಂಬೂರಿಯ ಲಕ್ಷಣ ಬರೆಸುತ್ತಿದ್ದರು. ತಂತಿ ಬಿಗಿಯಲು ಬಾರದವರು ತಂತಿಗೆ ಎಷ್ಟು ಹೆಸರಿದೆ ಎಂದು ಬರೆಸುವುದನ್ನು ಕಂಡು ಮೌನೇಶಾಚಾರಿ ಪುಸ್ತಕ ಮುಚ್ಚಿಬಿಡುತ್ತಿದ್ದ. ಶ್ರುತಿ ಎಂದರೇನು ಎಂಬ ಪ್ರಶ್ನೆಗೆ ಅವನು ಮೊದಲ ಪರೀಕ್ಷೆಯಲ್ಲಿ, ತಪ್ಪಿದಾಗ ಗೊತ್ತಾಗುವುದು ಎಂದು ಒಂದೇ ಸಾಲು ಬರೆದಿದ್ದ. ಜಯಲಕ್ಷ್ಮಮ್ಮ ಅದಕ್ಕೆ ಸೊನ್ನೆ ಕೊಟ್ಟು, ಉತ್ತರವನ್ನು ತರಗತಿಯಲ್ಲಿ ಓದಿ ನಗಿಸಿದರು.

"ನಾಟಕದ ಪೆಟ್ಟಿಗೆ ನಿಮ್ಮ ಕಿವಿ ಕೆಡಿಸಿಬಿಟ್ಟಿದೆ ಮೌನೇಶ್ ಅವರೇ" ಎಂದರು.

"ಕೆಡಕ್ಕೆ ಮೊದ್ಲು ಕಿವಿ ಇರ್ಬೇಕಲ್ವಾ ಮೇಡಂ" ಎಂದು ಅವನೂ ಬಿಡಲಿಲ್ಲ.

ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅವರು ಹಾಡಿ ತೋರಿಸಿದಾಗ ಅವನು ಕಿಟಕಿಯಾಚೆ ನೋಡುತ್ತಿದ್ದ. ಕ್ಯಾಂಟೀನಿನಲ್ಲಿ ಕೂತು, "ಆಯಮ್ಮಂಗೆ ಸಂಗೀತ ಎಲ್ಲಾ ಗೊತ್ತು, ಸ್ವರ ಒಂದು ಬುಟ್ಟು" ಎಂದು ಹುಡುಗಿಯರನ್ನು ನಗಿಸುತ್ತಿದ್ದ. ಆ ಮಾತು ಸ್ಟಾಫ್ ರೂಮಿಗೂ ಮುಟ್ಟಿತ್ತು. ಇಂಟರ್ನಲ್ ಅಂಕಗಳು ಮಾತ್ರ ಜಯಲಕ್ಷ್ಮಮ್ಮನವರ ಕೈಯಲ್ಲೇ ಇದ್ದವು. ಆರನೆಯ ಸೆಮಿಸ್ಟರಿನಲ್ಲಿ ಅವರು ಕೈಯೆತ್ತಿದರೆ ಡಿಗ್ರಿಯಿಲ್ಲ, ಜೂನಿಗೆ ಶಾಲೆಯೂ ಇಲ್ಲ.

ಮಾರ್ಚಿನಲ್ಲಿ ಕಾಲೇಜು ವಾರ್ಷಿಕೋತ್ಸವಕ್ಕೆ ಜಯಲಕ್ಷ್ಮಮ್ಮನವರ ಸಂಗೀತ ಕಛೇರಿ ಇಟ್ಟರು. ಮೈಸೂರಿನಿಂದ ಪಿಟೀಲು, ಮೃದಂಗದವರು ಬಂದರು. ಹುಡುಗಿಯರಿಗೆ ಸ್ವಾಗತದ ಕೆಲಸವಿದ್ದುದರಿಂದ, ಹಿಂದೆ ಕೂತು ಕರೆಂಟಿನ ಶ್ರುತಿಪೆಟ್ಟಿಗೆ ನೋಡಿಕೊಳ್ಳುವುದು ಮೌನೇಶಾಚಾರಿಯ ಪಾಲಿಗೆ ಬಂತು. ಕೆಲಸವೇನೂ ಇಲ್ಲ. ತಿರುಗಣೆಯನ್ನು ಐದನೆಯ ಮನೆಗೆ ಇಟ್ಟು ಕಲ್ಲಿನ ಹಾಗೆ ಕೂತಿರುವುದು.

ಮೂರನೆಯ ಕೃತಿಯಲ್ಲಿ ಅವರ ಗಂಟಲು ಸೋತಿತು. ಐದರಲ್ಲಿದ್ದ ದನಿ ಮೆಲ್ಲಗೆ ಜಾರಿ ನಾಲ್ಕೂವರೆಯಲ್ಲಿ ಹೋಗಿ ಕೂತಿತು. ಮೂರು ವರ್ಷದಿಂದ ಅವನು ಕಾದಿದ್ದು ಇದಕ್ಕೇ. ಪ್ರಿನ್ಸಿಪಾಲರು, ಟ್ರಸ್ಟಿನವರು, ಊರ ದೊಡ್ಡವರು ಎಲ್ಲ ಮುಂದೆಯೇ ಇದ್ದಾರೆ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಅವನಿಗೆ ಕಂಡದ್ದು ಅವರ ಬೆನ್ನು. ಬೆವರಿಗೆ ರವಿಕೆ ಅಂಟಿತ್ತು, ತಾಳ ಹಾಕುವ ಕೈ ತೊಡೆಯ ಮೇಲೆ ಎಲ್ಲೆಲ್ಲೋ ಬೀಳುತ್ತಿತ್ತು. ಚಿಕ್ಕಸ್ವಾಮಿಯದೂ ಇಂಥದೇ ಬೆನ್ನು. ಮೌನೇಶಾಚಾರಿಯ ಕೈ ತಲೆಯನ್ನು ಕೇಳಲಿಲ್ಲ. ತಿರುಗಣೆಯನ್ನು ಅರ್ಧ ಮನೆ ಇಳಿಸಿಬಿಟ್ಟಿತು.

ಹಳ್ಳಿಯ ರಂಗದ ಮೇಲೆ ಪೆಟ್ಟಿಗೆ ಜಾರಿದರೆ ಎಲ್ಲ ಸರಿಹೋಗುತ್ತದೆ, ತಬಲಾದವನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಇಲ್ಲಿ ಪಿಟೀಲೂ ಮೃದಂಗವೂ ಐದಕ್ಕೇ ಬಿಗಿದು ಕೂತಿದ್ದವು. ಶ್ರುತಿ ಇಳಿದ ಕೂಡಲೇ ಎರಡೂ ಹುಳಿ ಹುಳಿಯಾಗಿ ಕೇಳತೊಡಗಿದವು. ಪಿಟೀಲಿನವನು ಕಮಾನು ಎತ್ತಿ ಹಿಂದೆ ತಿರುಗಿ ನೋಡಿದ. ಏನೂ ಅರಿಯದ ಬಿಕಾಂ ಹುಡುಗರಿಗೂ ಏನೋ ಎಡವಟ್ಟಾಗಿದೆ ಎಂದು ತಿಳಿದು ಸಿಳ್ಳೆ ಬಿತ್ತು. ಜಯಲಕ್ಷ್ಮಮ್ಮ ಪಲ್ಲವಿಯ ನಡುವೆ ಹಾಡು ನಿಲ್ಲಿಸಿದರು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಜಯಲಕ್ಷ್ಮಮ್ಮ ಅಲ್ಲೇ ಕೂತಿದ್ದರು.

"ಬೇಕೂಂತ ಮಾಡಿದ್ರಾ ಮೌನೇಶ್ ಅವರೇ?" ಎಂದು ಕೇಳಿದರು.

ಇಷ್ಟು ವರ್ಷ ಅವರನ್ನು ಆಡಿಕೊಂಡವನು ಈಗ ಒಳ್ಳೆಯದಕ್ಕೇ ಮಾಡಿದೆ ಎಂದರೆ ಯಾರು ನಂಬುತ್ತಾರೆ? ನಂಬಿಸಬೇಕಾದರೆ, ನಿಮ್ಮ ದನಿ ಇಳಿದಿತ್ತು ಎಂದು ಪ್ರಿನ್ಸಿಪಾಲರ ಮುಂದೆಯೇ ಹೇಳಬೇಕು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ದಿನದ ಬೆವರಿದ ಬೆನ್ನು ನೆನಪಾಗಿ ಅವನು ಅದನ್ನು ನುಂಗಿಕೊಂಡ.

"ಇಲ್ಲ ಮೇಡಂ, ಕೈ ತಾಕ್ಬುಡ್ತು. ಅದನ್ನ ಎತ್ಲಾಗ್ ತಿರುಗ್ಸುದ್ರೆ ಏನಾಯ್ತದೆ ಅಂತ ನಂಗೆ ಸರ್ಯಾಗಿ ಗೊತ್ತಿರ್ನಿಲ್ಲ."

ಪೆಟ್ಟಿಗೆಯನ್ನು ಕತ್ತಲಲ್ಲೂ ಬಿಚ್ಚಿ ಜೋಡಿಸಬಲ್ಲವನ ಬಾಯಲ್ಲಿ ಬಂದ ಮಾತು ಇದು. ಅವನ ಜನ್ಮದಲ್ಲಿ ಅಷ್ಟು ಕಷ್ಟದ ಸುಳ್ಳನ್ನು ಅವನು ಹೇಳಿರಲಿಲ್ಲ.

"ಇಪ್ಪತ್ತೈದು ವರ್ಷ ಹಾರ್ಮೋನಿಯಂ ನುಡಿಸಿದೀನಿ ಅಂತ ಅರ್ಜೀಲಿ ಬರೆದಿದ್ರಲ್ರೀ" ಎಂದು ಪ್ರಿನ್ಸಿಪಾಲರು ನಕ್ಕರು.

ಅದೇ ವಾರ ಜಯಲಕ್ಷ್ಮಮ್ಮ ನಲವತ್ತು ನಿಮಿಷ ಶ್ರುತಿಯ ಪಾಠ ಮಾಡಿದರು, ಹುಡುಗಿಯರೆಲ್ಲರ ಎದುರು ಅವನೊಬ್ಬನನ್ನೇ ಮುಂದೆ ಕೂರಿಸಿಕೊಂಡು. ಶ್ರುತಿ ತಾಯಿಯ ಹಾಗೆ, ಅದನ್ನು ಕದಲಿಸಬಾರದು ಎಂದರು. ಅವನು ಬರೆದುಕೊಂಡ. ಸಹನ ಎಂಬ ಹುಡುಗಿ, ಪಾಪ ಒಳ್ಳೆಯವಳೇ, ಚೀಟಿಯಲ್ಲಿ ಎರಡು ಬಾಣ ಬರೆದು ಶ್ರುತಿಪೆಟ್ಟಿಗೆಗೆ ಅಂಟಿಸಿದಳು. "ಈ ಕಡೆ ತಿರುಗಿಸಿದ್ರೆ ಮೇಲೆ ಅಂಕಲ್, ಈ ಕಡೆಗೆ ಕೆಳಗೆ." ಅವನು ತಲೆಯಾಡಿಸಿದ. ಕ್ಯಾಂಟೀನಿನಲ್ಲಿ ಈಗ ಹುಡುಗಿಯರು ಅವನನ್ನು ನೋಡಿ ನಗುತ್ತಿದ್ದರು. ಕಾಲೇಜು ಬಿಟ್ಟು ಹೋಗಿಬಿಡಬೇಕು ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಕೂತಾಗ ಜೂನ್ ತಿಂಗಳು ನೆನಪಾಗುತ್ತಿತ್ತು.

ಇಂಟರ್ನಲ್ ಪಟ್ಟಿ ಹಾಕಿದಾಗ ಅವನಿಗೆ ಇಪ್ಪತ್ತಕ್ಕೆ ಹದಿನೆಂಟು ಬಿದ್ದಿತ್ತು. ಅವನು ಎರಡೆರಡು ಸಲ ನೋಡಿದ. ದಡ್ಡನೆಂದು ಕನಿಕರಪಟ್ಟು ಕೊಟ್ಟಿದ್ದಾರೆ, ಕೊಡಲಿ, ಎಂದುಕೊಂಡ. ಹುಡುಗಿಯರೆಲ್ಲ ಹೊರಟ ಮೇಲೆ ಜಯಲಕ್ಷ್ಮಮ್ಮ ಅವನನ್ನು ಕರೆದು, ಬಾಣದ ಚೀಟಿ ಅಂಟಿಸಿದ್ದ ಶ್ರುತಿಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದರು. ಮುಖ ನೋಡಲಿಲ್ಲ, ಹಾಜರಿ ಪುಸ್ತಕದಲ್ಲಿ ಏನೋ ಗೀಚುತ್ತಿದ್ದರು.

"ಮುಂದಿನ ತಿಂಗಳು ಮೈಸೂರಲ್ಲಿ ನನ್ನ ಕಛೇರಿ ಇದೆ. ಶ್ರುತಿಗೆ ನೀವೇ ಬನ್ನಿ. ಮೊದಲಿಂದಲೇ ನಾಲ್ಕೂವರೆಗೆ ಇಟ್ಟುಬಿಡಿ. ಪಿಟೀಲಿನವರಿಗೆ ನಾನು ಹೇಳಿರ್ತೀನಿ."

ಅಂದರೆ ತನ್ನ ದನಿ ಇಳಿದದ್ದು, ಅವನು ಶ್ರುತಿ ಇಳಿಸಿದ್ದು ಯಾಕೆ ಎಂಬುದು ಆಯಮ್ಮನಿಗೆ ಗೊತ್ತಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ಅವನನ್ನು ಕೇಳುವಾಗಲೇ ಗೊತ್ತಿತ್ತು. ನಲವತ್ತು ನಿಮಿಷ ಎಂಟು ಹುಡುಗಿಯರ ಮುಂದೆ ಶ್ರುತಿ ಎಂದರೆ ತಾಯಿ ಎಂದು ಅವನ ಕೈಯಲ್ಲಿ ಬರೆಸುವಾಗಲೂ ಗೊತ್ತಿತ್ತು. ಮೂರು ವರ್ಷ ಅವನು ಅವರನ್ನು ಕಿವಿಯಿಲ್ಲದವರು ಎಂದು ಹೀಗಳೆದಿದ್ದ. ಅವರಿಗೆ ನಿಜವಾಗಿಯೂ ಕಿವಿಯಿಲ್ಲದಿದ್ದರೇ ಚೆನ್ನಾಗಿತ್ತು.

"ಆಗ್ಲಿ ಮೇಡಂ" ಎಂದ ಮೌನೇಶಾಚಾರಿ, ಚೀಟಿಯ ಕಡೆ ನೋಡದೆ ತಿರುಗಣೆಯನ್ನು ಅರ್ಧ ಮನೆ ಇಳಿಸಿದ.