ಕುತ್ತಿಗೆ ಕಪ್ಪೋ ಬಿಳಿಯೋ

ಬೆಳಿಗ್ಗೆ ಏಳುವಾಗಲೇ ದಣಿದಿರುವ ಜನರ ಪೈಕಿ ನಾನೂ ಒಬ್ಬ. ಮಾನ್ವಿಯ ಸರಕಾರಿ ಶಾಲೆಯಲ್ಲಿ ದಿನವಿಡೀ ಉರ್ದುವಿನಲ್ಲಿ ಲೆಕ್ಕ ಕಲಿಸುವುದು, ಮನೆಗೆ ಬಂದು ಕನ್ನಡದಲ್ಲಿ ಸುಮ್ಮನಿರುವುದು, ಇದು ನನ್ನ ದಿನಚರಿ. ಇಂಥವನ ಪಾಲಿಗೆ ಎದ್ದ ಕೂಡಲೇ ಹಿತ್ತಿಲಿಗೆ ಹೋಗಿ ಮರಕುಟಿಗದ ಕುತ್ತಿಗೆ ಕಪ್ಪೋ ಬಿಳಿಯೋ ಎಂದು ತೀರ್ಮಾನಿಸುವ ಕೆಲಸ ಬಂತು.

ನಮ್ಮ ಬೇವಿನ ಮರಕ್ಕೆ ಎರಡು ಬಗೆಯ ಮರಕುಟಿಗಗಳು ಬರುತ್ತವೆ. ಎರಡಕ್ಕೂ ಬಂಗಾರದ ಬೆನ್ನು, ಕೆಂಪು ಜುಟ್ಟು. ಒಂದರ ಹಿಂಗುತ್ತಿಗೆ ಕಪ್ಪು, ಇನ್ನೊಂದರದು ಬಿಳಿ. ಬಿಳಿಯದರಲ್ಲಿ ಹೆಣ್ಣಿನ ಜುಟ್ಟು ಹಳದಿಯಂತೆ. ಅದು ಬಂದರೆ ಗುರುತು ಸುಲಭ, ಆದ್ದರಿಂದಲೇ ಅದು ಬರುವುದಿಲ್ಲ. ಬಂದದ್ದಾದರೂ ಸುಮ್ಮನೆ ಕುತ್ತಿಗೆ ತೋರಿಸೀತೇ? ನಾನು ಮರದ ಈಚೆ ನಿಂತರೆ ಅದು ಆಚೆಗೆ ಸರಿಯುತ್ತದೆ.

ಭಾಷೆಯಾದರೂ ನೆರವಿಗೆ ಬರಬೇಕಿತ್ತು. ನಮ್ಮ ಹೆಡ್‌ಮಾಸ್ತರರು ಎರಡನ್ನೂ ಕಠ್‌ಫೋಡಾ ಎನ್ನುತ್ತಾರೆ. ತೆಲುಗು ಸೀಮೆಯ ಜವಾನನಿಗೆ ಎರಡೂ ವಡ್ರಂಗಿ ಪಿಟ್ಟ. ನಿಜಾಮರ ರಾಜ್ಯದಲ್ಲಿ ಇಷ್ಟೆಲ್ಲ ಭಾಷೆಗಳಿದ್ದೂ ಎರಡು ಹಕ್ಕಿಗೆ ಎರಡು ಹೆಸರಿಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಅವರೂ ನನ್ನಂತೆ ದಣಿದಿದ್ದರೇನೋ.

ಹೆಸರಿಟ್ಟವಳು ನನ್ನ ಅಕ್ಕ ತುಂಗಕ್ಕ. ತಾಯಿಯಿಲ್ಲದ ನನ್ನನ್ನು ಗೂಗಲ್ ಎಂಬ ಊರಿನ ಹೊಳೆದಂಡೆಯಲ್ಲಿ ಸಾಕಿದವಳು. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಕರಿಕುತ್ತಿಗೆಯದು ಕೆನೆದಂತೆ ಕೂಗುವುದರಿಂದ ಅವಳು ಅದಕ್ಕೆ ‘ಕುದುರಿ’ ಎಂದಳು. ಬಿಳಿಕುತ್ತಿಗೆಯದರ ದನಿ ಸಣ್ಣದು, ಅದು ‘ಸೊಸಿ’. ನನ್ನ ಹೆಂಡತಿಗೆ ಈ ಎರಡನೆಯ ಹೆಸರು ಅಷ್ಟಾಗಿ ಹಿಡಿಸಲಿಲ್ಲ.

ಅಕ್ಕನ ಎರಡೂ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿತ್ತು. ಒಲೆಯ ಉರಿ ಕಾಣದೆ ಕೈ ಸುಟ್ಟುಕೊಂಡಿದ್ದಳು. ರಾಯಚೂರಿನ ದವಾಖಾನೆಯಲ್ಲಿ ತೆಗೆಸೋಣ, ತಡವಾದರೆ ಕಣ್ಣೇ ಹೋಗುತ್ತದೆ ಎಂದರೂ ಒಪ್ಪಲಿಲ್ಲ. ನೋಡಬೇಕಾದದ್ದೆಲ್ಲ ನೋಡಿಯಾಯಿತು, ಉಳಿದದ್ದಕ್ಕೆ ಕಿವಿ ಸಾಕು ಎಂದಳು. ನಾನು ಬೇಡಿಕೊಂಡೆ, ಸಿಟ್ಟು ಮಾಡಿದೆ, ಊಟವನ್ನೂ ಬಿಟ್ಟೆ, ಅದು ಮಧ್ಯಾಹ್ನದವರೆಗೆ ಮಾತ್ರ. ಅವಳು ಕತ್ತಲಲ್ಲಿ ಉಳಿದುಬಿಡುತ್ತಾಳೆ ಎಂಬ ಭಯ ನನ್ನನ್ನು ಕೂರಗೊಡುತ್ತಿರಲಿಲ್ಲ. ಕೊನೆಗೆ ಪಂಥ ಕಟ್ಟಿದೆವು. ಹಕ್ಕಿ ಕೂಗಿದಾಗ ಯಾವುದೆಂದು ಅವಳು ಕೂತಲ್ಲಿಂದ ಹೇಳಬೇಕು, ನಾನು ಹೋಗಿ ನೋಡಬೇಕು. ಅವಳು ತಪ್ಪಿದರೆ ರಾಯಚೂರಿಗೆ ಹೋಗುವುದು.

ಮೊದಲ ದಿನ ಅವಳು ಕುದುರಿ ಎಂದಳು. ನನಗೆ ಕಂಡದ್ದು ಬಿಳಿ. ಗೆದ್ದೆ ಎಂದರೆ, ಸರಿಯಾಗಿ ನೋಡಿ ಬಾ ಎಂದಳು. ಮರುದಿನವೂ ಅವಳದು ಕುದುರಿ, ನನ್ನದು ಬಿಳಿ. ವಾರವಿಡೀ ಹೀಗೇ ನಡೆಯಿತು. ನನ್ನ ಕುತ್ತಿಗೆ ನೋಯತೊಡಗಿತು, ತರಗತಿಯಲ್ಲಿ ತೂಕಡಿಕೆ ಬಂತು. ಹಿಂದಿನ ಸಾಲಿನ ಅಣ್ಣತಮ್ಮಂದಿರಲ್ಲಿ ದೊಡ್ಡವನಿಗೆ ಬೈಯಬೇಕಾದದ್ದನ್ನು ಚಿಕ್ಕವನಿಗೆ ಬೈದೆ.

ರೋಸಿಹೋಗಿ ಹೆಂಡತಿಯನ್ನು ಸಾಕ್ಷಿಗೆ ಕರೆದೆ. ನೋಡು, ಬಿಳಿ ಹೇಗೆ ಎದ್ದು ಕಾಣುತ್ತಿದೆ ಎಂದು ಬೆರಳು ಮಾಡಿ ತೋರಿಸಿದೆ. ಅವಳು ಮರವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ನೀವು ನೋಡಾಕತ್ತಿದ್ದು ತೊಗಟಿ ಎದ್ದ ಗಂಟು ರೀ. ಹಕ್ಕಿ ಆಗ್ಲೇ ಹಾರಿ ಹೋತು.”

ಪಡಸಾಲೆಯಲ್ಲಿ ಕೂತಿದ್ದ ಅಕ್ಕ ನಗುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ. ದೂರದ್ದು ಯಾವಾಗಿನಿಂದ ಕಾಣುತ್ತಿಲ್ಲ ಎಂದು ಕೇಳಿದಳು. ಕೇಳುತ್ತಲೇ ಗೋಡೆ ಹಿಡಿದು ಎದ್ದು, ತನ್ನ ಸೀರೆಗಳನ್ನು ಗಂಟು ಕಟ್ಟುವಂತೆ ನನ್ನ ಹೆಂಡತಿಗೆ ಹೇಳಿದಳು.

“ಒಬ್ಬನಽ ದವಾಖಾನಿಗೆ ಹ್ಯಾಂಗ ಹೋಗ್ತೀಯೋ? ನಾ ಬರ್ತೀನಿ ನಡಿ.”

ಹೀಗೆ, ಕಣ್ಣು ಕಾಣದ ಅಕ್ಕ ನನ್ನ ಕೈ ಹಿಡಿದು ಬಸ್ಸು ಹತ್ತಿಸಿದಳು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುವ ಬಸ್ಸು ಅದು. ದಿಬ್ಬ ಬಂದಲ್ಲೆಲ್ಲ ಅದಕ್ಕೂ ನನ್ನಷ್ಟೇ ದಣಿವು, ಕೆಳಗಿಳಿದು ತಳ್ಳಬೇಕಾಯಿತು. ದವಾಖಾನೆಯಲ್ಲಿ ಅಕ್ಕ, ತಾನು ತಮ್ಮನ ಜೊತೆಗೆ ಬಂದವಳಷ್ಟೇ ಎಂದು ಡಾಕ್ಟರರಿಗೆ ಹೇಳುತ್ತಲೇ ತಾನೂ ಕಣ್ಣು ತೋರಿಸಿದಳು, ಹೇಳುತ್ತಲೇ ಆಪರೇಷನ್ನಿಗೂ ಮಲಗಿದಳು. ನನಗೆ ಕನ್ನಡಕ ಬಂತು. ಅವಳ ಪಟ್ಟಿ ಬಿಚ್ಚಿ, ಗಾಯ ಮಾಗಿದ ಮೇಲೆ, ಬಾಟಲಿಯ ತಳದಂಥ ಕನ್ನಡಕ ಅವಳಿಗೂ ಬಂತು.

ಅದನ್ನು ಹಾಕಿಕೊಂಡ ಮೊದಲ ಬೆಳಿಗ್ಗೆ ಇಬ್ಬರೂ ಬೇವಿನ ಕೆಳಗೆ ನಿಂತೆವು. ಹಕ್ಕಿ ಬಂದು ಕೆನೆಯಿತು. ಕುತ್ತಿಗೆ ಕಪ್ಪು, ಸ್ಪಷ್ಟ ಕಪ್ಪು. ನೋಡಕ್ಕಾ, ನಿನ್ನ ಕುದುರಿ ಎಂದೆ. ಅವಳು ಹಕ್ಕಿಯ ಕಡೆ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕಿವಿಯ ಮೇಲಿನ ಬಿಳಿಗೂದಲನ್ನು ಮುಟ್ಟಿದಳು.

“ಹಕ್ಕಿ ಗುರ್ತ ಹಿಡೀತೀನೋ ತಮ್ಮಾ. ನಿನ್ನ ಗುರ್ತ ಸಿಗವಲ್ದು. ಇಷ್ಟ್ಯಾಕ ದಣಿದೀ?”

ಇದನ್ನು ಯಾರಾದರೂ ಕೇಳಲಿ ಎಂದು ನಾನು ಎಷ್ಟು ವರ್ಷದಿಂದ ಕಾದಿದ್ದೆನೋ, ನನಗೇ ಗೊತ್ತಿರಲಿಲ್ಲ. ಆ ದಿನ ಶಾಲೆಗೆ ರಜೆ ಹೇಳಿ ಕಳಿಸಿದೆ. ಬೇವಿನ ಕೆಳಗೆ ಚಾಪೆ ಹಾಸಿ, ಕನ್ನಡಕ ತೆಗೆದಿಟ್ಟು ಮಲಗಿದೆ. ಮೇಲೆ ಯಾವುದೋ ಹಕ್ಕಿ ಕುಟ್ಟುತ್ತಿತ್ತು. ಯಾವುದೆಂದು ಅಕ್ಕ ಕೇಳಲಿಲ್ಲ, ನಾನೂ ನೋಡಲಿಲ್ಲ.