ಒಂದು ಗುಟುಕು ಮನೆಯ ನೀರು

ಎದುರುಮನೆಯ ಅಕ್ಕೋರ ಬಲಗೈ ಬೆರಳ ತುದಿಗಳು ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬೆಳ್ಳಗೆ ನೆನೆದು ಸುಕ್ಕುಗಟ್ಟಿರುತ್ತಿದ್ದವು. ನವನಗರದ ನಮ್ಮ ಓಣಿಯ ಆರೇಳು ಮನೆಗಳ ನೀರಿನ ಫಿಲ್ಟರಿನ ಕ್ಯಾಂಡಲ್‌ಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ಅವರೇ ಉಜ್ಜುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದೊಂದಿಗೆ ಇದ್ದರು. ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ಓಣಿಗೆಲ್ಲ ಅವರು ಅಕ್ಕೋರೇ.

ನಾವು ಬಾಡಿಗೆಗೆ ಬಂದ ಹೊಸತರಲ್ಲಿ ನಮ್ಮ ಮನೆಗೆ ಕ್ಯಾನ್ ನೀರು ಬರುತ್ತಿತ್ತು. ಒಂದು ದಿನ ಅಕ್ಕೋರು ಬಂದು, ಖಾಲಿ ಕ್ಯಾನಿನೊಳಗೆ ಟಾರ್ಚ್ ಬಿಟ್ಟು ತಳದ ಹಸಿರು ಪಾಚಿ ತೋರಿಸಿದರು.

"ಇದನ್ನ ಕೂಸಿಗೆ ಕುಡಸ್ತೀ ಏನ್ ತಂಗಿ? ನಳದ ನೀರು ಕಾಸು, ಆರಿಸು, ಸೋಸು. ಸೀಲ್ ಇದ್ದದ್ದೆಲ್ಲಾ ಸ್ವಚ್ಛ ಅನ್ನೂದು ಬಿಡು."

ನನಗೆ ಸಿಟ್ಟು ಬಂತು. ನೌಕರಿ, ಕೂಸು, ಅಡುಗೆ, ಅದರ ಮೇಲೆ ಇದೊಂದು ಉಸಾಬರಿ ಎಂದು ಗೊಣಗಿಕೊಂಡೆ. ಮರುದಿನ ಅವರೇ ಎರಡು ಅಂತಸ್ತಿನ ಸ್ಟೀಲ್ ಫಿಲ್ಟರ್ ಹೊತ್ತು ತಂದು, ಕ್ಯಾಂಡಲ್ ಕೂರಿಸಿ, ವಾಷರ್ ಬಿಗಿದು ಹೋದರು. ಆಮೇಲೆ ನಮ್ಮ ಮನೆಗೆ ಕ್ಯಾನ್ ಬರಲಿಲ್ಲ.

ಒಮ್ಮೆ ಅವರು ಶಿರೂರಿಗೆ ಹೋಗಿದ್ದಾಗ ನಾನು ಶಾಣ್ಯಾತನ ತೋರಿಸಲು ಹೋಗಿ ಕ್ಯಾಂಡಲನ್ನು ಸಬಕಾರದ ಪುಡಿಯಲ್ಲಿ ತಿಕ್ಕಿಬಿಟ್ಟೆ. ಅದು ಸಬಕಾರವನ್ನೆಲ್ಲ ಹೀರಿಕೊಂಡು ಕೂತಿತು. ಮೂರು ದಿನ ನಮ್ಮ ಚಹಾಕ್ಕೆ ಅದೇ ವಾಸನೆ. ಅಕ್ಕೋರು ಬಂದವರೇ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

"ಹೊಟ್ಟ್ಯಾಗ ಅರಿವಿ ಒಗ್ಯಾಕ ಹಾಕೀಯೇನವಾ?"

ಬೈಯಲಿಲ್ಲ. ಹೊಸ ಕ್ಯಾಂಡಲ್ ಹಾಕಿಕೊಟ್ಟರು. ಆ ಮಾತು ಹೇಳಿ ಹೇಳಿ ಓಣಿಯನ್ನೆಲ್ಲ ನಗಿಸಿದರು.

ಇಂಥವರ ಎರಡೂ ಮೂತ್ರಪಿಂಡ ಕೆಟ್ಟವು. ಡಯಾಲಿಸಿಸ್ ಶುರುವಾಯಿತು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯಬಾರದು, ಚಹಾ ಸಾರು ಎಲ್ಲವೂ ಅದರಲ್ಲೇ ಎಂದು ಡಾಕ್ಟರು ಹೇಳಿದರು. ಅಕ್ಕೋರು ಬೆಳಿಗ್ಗೆಯೇ ಫಿಲ್ಟರಿನ ನೀರನ್ನು ಅಳೆದು ಸಣ್ಣ ಬಾಟಲಿಗೆ ತುಂಬಿಟ್ಟು, ಬಾಯಾರಿದಾಗ ಅದರ ಮುಚ್ಚಳದಲ್ಲಿ ಹೊಯ್ದುಕೊಂಡು ಕುಡಿಯುತ್ತಿದ್ದರು. ನನ್ನ ಮಗಳು ಶಾಲೆಯಿಂದ ಬಂದರೆ ಕರೆದು ತುಂಬಿದ ಲೋಟ ಕೊಡುವರು.

"ಗಟಗಟ ಕುಡಿ. ನಾ ನೋಡ್ತೇನಿ."

ಅವಳು ಕುಡಿಯುವಾಗ ಅವರ ಗಂಟಲೂ ಅಲುಗಾಡುತ್ತಿತ್ತು. ನಾನು ಏನೋ ನೆಪ ಹೇಳಿ ಒಳಗೆ ಹೋಗಿ ಅತ್ತುಬಿಡುತ್ತಿದ್ದೆ.

ಕೊನೆಯ ಸಲ ದವಾಖಾನೆ ಸೇರಿದಾಗ ಅವರ ಬೆರಳುಗಳು ಬಾತಿದ್ದವು, ತುದಿಗಳು ಒಣಗಿ ಬಿರಿದಿದ್ದವು. ಸಂಜೆ ನಾನು ಹೊರಡುವಾಗ ಸೆರಗು ಹಿಡಿದರು.

"ಮನಿ ನೀರು ಒಂದ್ ಗುಟುಕು ಕೊಡವಾ."

ನನ್ನ ಚೀಲದಲ್ಲಿ ಬಾಟಲಿ ಇತ್ತು. ಅವರೇ ಕೂರಿಸಿಕೊಟ್ಟ ಫಿಲ್ಟರಿನ ನೀರು. ಆದರೆ ಅವರ ಆ ದಿನದ ಅಳತೆ ಮುಗಿದಿತ್ತು.

"ಇವತ್ತಿಂದು ಮುಗದೈತ್ರಿ ಅಕ್ಕೋರ. ನಾಳೆ ಮುಂಜಾನೆ ಮೊದಲನೇ ಗುಟುಕು ಮನಿ ನೀರೇ ಕೊಡ್ತೇನಿ."

ಅವರು ವಾದಿಸಲಿಲ್ಲ. "ಆತು. ಅಳತಿ ಅಂದ್ರ ಅಳತಿ" ಎಂದು ಸೆರಗು ಬಿಟ್ಟರು.

ಮರುದಿನ ಬೆಳಿಗ್ಗೆ ನಾನು ನೀರು ತುಂಬಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಂಚದ ಪಕ್ಕ ಸೀಲ್ ಒಡೆದ ಅಂಗಡಿ ನೀರಿನ ಬಾಟಲಿ ಇತ್ತು. ತಲೆ ತಗ್ಗಿಸಿ ಅಕ್ಕೋರ ತಮ್ಮ ನಿಂತಿದ್ದರು.

"ಕಡೀಕ ಬಾಯಾಗ ನೀರು ಬಿಡಬೇಕಂದ್ರ ಕೈಗೆ ಇದೇ ಸಿಕ್ತ್ರಿ. ಅಕ್ಕಗ ಇದನ್ನ ಹಾಕಿ ಕಳಿಸಿದ್ನಿ."

ತಪ್ಪು ಅವರದಾಗಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಕಾಗದಪತ್ರಕ್ಕೆಂದು ಅವರೊಂದಿಗೆ ದವಾಖಾನೆಗೆ ಹೋದಾಗ ತಡೆಯಲಾರದೆ ಡಾಕ್ಟರನ್ನು ಕೇಳಿದೆ, ಅವತ್ತು ಒಂದು ಗುಟುಕು ಹೆಚ್ಚು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು.

"ಒಂದ್ ಗುಟುಕಿಗೆ ಏನೂ ಆಗ್ತಿರಲಿಲ್ರಿ" ಎಂದರು.

ಈಗ ಭಾನುವಾರ ಓಣಿಯ ಕ್ಯಾಂಡಲ್‌ಗಳನ್ನು ನಾನು ಉಜ್ಜುತ್ತೇನೆ. ಸಬಕಾರ ಮುಟ್ಟಿಸುವುದಿಲ್ಲ. ಮಧ್ಯಾಹ್ನಕ್ಕೆ ನನ್ನ ಬೆರಳ ತುದಿಗಳೂ ಸುಕ್ಕುಗಟ್ಟುತ್ತವೆ. ಆಗೆಲ್ಲ ಆ ಸಂಜೆ ನೆನಪಾಗುತ್ತದೆ. ನನ್ನ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಬಸ್ಸಿನಲ್ಲಿ ಮನೆಗೆ ಬರುತ್ತ ಅದನ್ನೆಲ್ಲ ನಾನೇ ಕುಡಿದಿದ್ದೆ.