ನಾನು ಹಸಿರು ಬಳಿದ ಲೇತ್

ಡಿಸೆಂಬರ್ ಏಳು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮನೆಯ ಹಿಂದಿನ ಶೆಡ್ಡಿನಲ್ಲಿ ಇದ್ದವರು ಇಬ್ಬರು: ನಾನು, ಮತ್ತು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತ ನನ್ನ ಹೆಂಡತಿ. ಮೇಜಿನ ಮೇಲೆ ಕೈಯಲ್ಲಿ ತಿರುಗಿಸುವ ಹಳೆಯ ಡ್ರಿಲ್ಲಿಂಗ್ ಮೆಷಿನ್. ಶುಕ್ರವಾರ ಕುಶಾಲನಗರದ ಗುಜರಿ ಅಂಗಡಿಯಿಂದ ತಂದದ್ದು. ನನ್ನ ವಯಸ್ಸಿನದೇ ಇರಬೇಕು. ತುಕ್ಕು ಮಾತ್ರ ನನಗಿಂತ ಹೆಚ್ಚು.

"ಪೇಂಟ್ ಡಬ್ಬ ಆಚೆ ಇಡಿ. ಮೊದಲು ಕೆರೆದು ನೋಡಿ," ಅಂದಳು. "ಇನ್ನೊಂದು ಸಲ ಆ ಕಥೆ ಆಗೋದು ಬೇಡ."

ಕೆರೆಯಲು ಶುರು ಮಾಡಿದೆ. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ. ಒಂದು ಬಾಟಲಿಗೆ ನಾಲ್ಕು ಮನೆ ಕೇಳಿದ್ದೆ. ಬಟ್ಟೆಯನ್ನು ಅದರಲ್ಲಿ ಅದ್ದಿ ಉಜ್ಜಿದಾಗ ಮೇಲಿನ ಬಣ್ಣ ಮೆತ್ತಗಾಗಿ ಸುರುಳಿ ಸುರುಳಿಯಾಗಿ ಎದ್ದಿತು. ಸೀಮೆಎಣ್ಣೆ, ಹಳೆಯ ಎನಾಮೆಲ್, ಅದರಡಿ ಅಂಟಿಕೊಂಡ ಗ್ರೀಸು, ಮೂರೂ ಬೆರೆತ ವಾಸನೆ ಶೆಡ್ಡಿನ ತುಂಬ ಹರಡಿತು. ಆ ವಾಸನೆಗೆ ನನ್ನ ಕೈ ಒಂದು ಗಳಿಗೆ ನಿಂತುಹೋಯಿತು... ಮಾದಾಪುರದ ಕಡೆಯ ಎಸ್ಟೇಟು, ಅದರ ವರ್ಕ್‌ಶಾಪು, ಅಲ್ಲಿ ಕನ್ನಡಕವನ್ನು ಹಣೆಯ ಮೇಲೇರಿಸಿ ಕುಳಿತ ಫಿಟ್ಟರಣ್ಣ.

ಎಸ್ಟೇಟಿನ ಯಂತ್ರಗಳನ್ನು ರಿಪೇರಿ ಮಾಡುವ ಫಿಟ್ಟರ್ ಅವರು, ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಪುತ್ತೂರಿನ ಕಡೆಯವರು, ಮನೆಮಾತು ತುಳು. ನನಗಿಂತ ಎಂಟು ಹತ್ತು ವರ್ಷ ಹಿರಿಯರು. ನಾನು ಸೈನ್ಯದ ಸ್ಟೋರ್ಸಿನಲ್ಲಿ ಹದಿನಾರು ವರ್ಷ ಇದ್ದು, ಹವಾಲ್ದಾರನಾಗಿ ಪಿಂಚಣಿ ಪಡೆದು, ಅಲ್ಲಿಗೆ ಸೂಪರ್‌ವೈಸರ್ ಆಗಿ ಹೋದವನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಒಣಗಿಸುವ ಕಣ, ಗೋದಾಮು, ವರ್ಕ್‌ಶಾಪು ನನ್ನ ಸುಪರ್ದಿಯಲ್ಲಿದ್ದವು. ಯಂತ್ರಗಳ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ: ಎಷ್ಟಿವೆ, ಎಲ್ಲಿವೆ, ಯಾವಾಗ ಒರೆಸಬೇಕು.

ಫಿಟ್ಟರಣ್ಣ ಏಳು ಗಂಟೆಗೆ ಬಂದವರೇ ಮೊದಲು ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಎಲ್ಲರೂ ತೊಳೆಯುತ್ತಾರೆ. ಅವರು ಶುರು ಮಾಡುವ ಮೊದಲು ತೊಳೆಯುತ್ತಿದ್ದರು. ಏಕೆಂದು ಕೇಳಿದಾಗ, "ನನ್ನ ಕೈಯ ಮಣ್ಣು ಅದರ ಹೊಟ್ಟೆಗೆ ಹೋಗುವುದು ಬೇಡ ಮಾರಾಯ್ರೆ," ಅಂದಿದ್ದರು. ಹದಿನಾರು ವರ್ಷದ ಪರೇಡಿನಲ್ಲಿ ನನಗೆ ಯಾರೂ ಹೇಳದ ಶಿಸ್ತು ಅದು.

ಅವರು 'ಅದು' ಅಂದದ್ದು ಲೇತನ್ನು. ಕಬ್ಬಿಣವನ್ನು ಗರಗರ ತಿರುಗಿಸಿ ಕಡೆಯುವ ಯಂತ್ರ. ಇಂಗ್ಲಿಷರ ಕಾಲದ್ದು. ಮೇಲಿನ ಶಾಫ್ಟಿನಿಂದ ಚರ್ಮದ ಬೆಲ್ಟು ಇಳಿದು ಅದನ್ನು ಓಡಿಸುತ್ತಿತ್ತು. ಬಣ್ಣವೆಲ್ಲ ಹೋಗಿ ಕಪ್ಪು ಎಣ್ಣೆಯ ಪೊರೆ ಕಟ್ಟಿತ್ತು. ನನ್ನ ಕಣ್ಣಿಗೆ ಅದು ಕೊಳಕು.

ನಾನು ಸೇರಿದ ಮೊದಲ ಡಿಸೆಂಬರಿನಲ್ಲಿ ಫಿಟ್ಟರಣ್ಣ ಅಣ್ಣನ ಮಗಳ ಮದುವೆಗೆಂದು ಒಂದು ವಾರ ರಜೆ ಹಾಕಿ ಊರಿಗೆ ಹೋದರು. ಹೊಸ ವರ್ಷದ ಹೊತ್ತಿಗೆ ಎಸ್ಟೇಟಿನ ಮಾಲೀಕರು ನೋಡಲು ಬರುವವರಿದ್ದರು. ಸೈನ್ಯದಲ್ಲಿ ದೊಡ್ಡವರು ಬರುತ್ತಾರೆಂದರೆ ನಾವು ಮಾಡುತ್ತಿದ್ದ ಕೆಲಸ ಒಂದೇ. ಅಲ್ಲಾಡುವುದಕ್ಕೆ ಸೆಲ್ಯೂಟ್, ಅಲ್ಲಾಡದ್ದಕ್ಕೆ ಬಣ್ಣ. ನಾನು ಅದೇ ಮಾಡಿದೆ. ದಾರಿಯ ಬದಿಯ ಕಲ್ಲಿಗೆ ಸುಣ್ಣ, ಬಾಗಿಲಿಗೆ ವಾರ್ನಿಷ್, ಲೇತಿಗೆ ಜೀಪಿನ ಹಸಿರು. ನಾನೇ ಎರಡು ದಿನ ನಿಂತು ಬಳಿದೆ. ಲೇತಿನ ತಲೆಯ ಮೇಲೆ, ಅಲ್ಲಿ ಇಲ್ಲಿ, ಕಡಲೆಕಾಳಿನಷ್ಟು ತೂತುಗಳಿದ್ದವು. ಒಳಗೆ ಕಪ್ಪು ಜಿಡ್ಡು. ಹಳೆಯ ಮೆಷಿನ್, ಹುಳು ತಿಂದ ಹಲ್ಲಿನ ಹಾಗಾಗಿದೆ ಅಂದುಕೊಂಡೆ. ಗೋಡೆಯ ಬಿರುಕಿಗೆ ಪೇಂಟರುಗಳು ತುಂಬುವ ಪುಟ್ಟಿಯನ್ನು ಒಂದೊಂದಕ್ಕೂ ಒತ್ತಿ ತುಂಬಿ, ಉಪ್ಪುಕಾಗದ ಹಾಕಿ ಉಜ್ಜಿ, ನುಣ್ಣಗೆ ಬಣ್ಣ ಹೊಡೆದೆ. ಒಟ್ಟು ಒಂಬತ್ತು ತೂತು. ಎಣಿಸಿದ್ದು ನೆನಪಿದೆ.

ಅವು ಎಣ್ಣೆ ಬಿಡುವ ತೂತುಗಳು.

ಮೂರನೆಯ ದಿನ ಪಲ್ಪರಿನ ಶಾಫ್ಟು ಕೆಟ್ಟಿತು. ಪಿಕ್ಕಿಂಗ್ ಜೋರಾಗಿದ್ದ ಕಾಲ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ. ಲೇತಿನಲ್ಲಿ ಹೊಸ ಶಾಫ್ಟು ಕಡೆಯಲು ಪಕ್ಕದ ಎಸ್ಟೇಟಿನ ಟರ್ನರನನ್ನು ಕರೆಸಿದೆವು. ಆತ ನಮ್ಮ ಮೆಷಿನನ್ನು ಹಿಂದೆ ಕಂಡವನಲ್ಲ. ಹೊಳೆಯುತ್ತಿದ್ದ ಲೇತನ್ನು ನೋಡಿ ಹೊಸದರಂತೆ ಇಟ್ಟಿದ್ದೀರಿ ಎಂದು ಹೊಗಳಿ, ಬೆಲ್ಟು ಏರಿಸಿದ. ಒಂದು ಗಂಟೆ ಓಡಿತು. ಆಮೇಲೆ ಕಿರ್ರ್ ಅಂದಿತು, ಹೊಗೆ ಬಂತು, ನಿಂತಿತು. ಒಳಗಿನ ದೊಡ್ಡ ಅಚ್ಚು ಬೇರಿಂಗಿಗೆ ಕಚ್ಚಿಕೊಂಡಿತ್ತು. ಅಂದಿನ ಹಣ್ಣಿನ ರಾಶಿ ಹಾಳಾಯಿತು.

ಮ್ಯಾನೇಜರರನ್ನು ನಾವು ದೊರೆ ಎನ್ನುತ್ತಿದ್ದೆವು. ಅವರು ವರ್ಕ್‌ಶಾಪಿನಲ್ಲಿ ನಿಂತು ಹೇಳಿದ ಮಾತು ಹೀಗಿತ್ತು: "ಎಣ್ಣೆ ಕೂಡ ಹಾಕದೆ ರಜೆಗೆ ಹೋಗಿದ್ದಾನೆ. ಈ ಹಳೆ ಕಬ್ಬಿಣ ಗುಜರಿಗೆ ಹೋಗಲಿ. ಕೆಲಸ ಕುಶಾಲನಗರಕ್ಕೆ ಕಳಿಸುವ. ಲೇತಿಲ್ಲದ ಮೇಲೆ ಫಿಟ್ಟರ್ ಎಂತಕ್ಕೆ? ತಿಂಗಳ ಕೊನೆಗೆ ಲೈನ್ ಮನೆ ಬಿಡಲಿ." ಕೆಲಸದವರಿಗೆ ಎಸ್ಟೇಟು ಕೊಡುವ ಸಾಲುಮನೆ ಅದು, ಫಿಟ್ಟರಣ್ಣನ ಸಂಸಾರವೆಲ್ಲ ಅಲ್ಲಿತ್ತು. ಒಬ್ಬಳೇ ಮಗಳು, ಆ ವರ್ಷ ಹತ್ತನೆಯ ತರಗತಿ. ಪರೀಕ್ಷೆಗೆ ಮೂರು ತಿಂಗಳು.

ಅದು ನನ್ನದೇ ಕೆಲಸದ ಫಲವೆಂದು ಆಗ ನನಗೆ ಗೊತ್ತಿರಲಿಲ್ಲ.

ಫಿಟ್ಟರಣ್ಣ ಊರಿಂದ ಬಂದ ದಿನವೇ ಸುದ್ದಿ ತಿಳಿಯಿತು. ಅವರು ವಾದ ಮಾಡಲಿಲ್ಲ. ಕೈ ತೊಳೆದರು. ಲೇತಿನ ಸುತ್ತ ಒಂದು ಸುತ್ತು ಬಂದರು. ಬೆರಳನ್ನು ಅದರ ತಲೆಯ ಮೇಲೆ ಆಡಿಸಿದರು, ಒಂದು ಕಡೆ ನಿಲ್ಲಿಸಿದರು. ದಬ್ಬಣ ತೆಗೆದುಕೊಂಡು ಚುಚ್ಚಿ ಮೀಟಿದರು. ಹಸಿರು ಟೋಪಿಯ ಪುಟ್ಟಿಯ ತುಂಡೊಂದು ಮೇಲೆದ್ದಿತು. ಅದನ್ನು ಅಂಗೈ ಮೇಲೆ ಇಟ್ಟು ನನ್ನ ಮುಂದೆ ಹಿಡಿದರು.

"ಇದೆಂತ ಹವಾಲ್ದಾರ್ರೆ?"

ನಾನು ಹೇಳಿದೆ.

"ಒಂಬತ್ತಕ್ಕೂ?"

"ಒಂಬತ್ತಕ್ಕೂ."

"ಕೆಲಸ ಮಾತ್ರ ಚಂದ ಮಾಡಿದ್ದೀರಿ," ಅಂದರು. "ಒಂದನ್ನೂ ಬಿಡಲಿಲ್ಲ."

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಈಗಲೇ ದೊರೆಗೆ ಹೇಳಿ ಬರುತ್ತೇನೆ ಅಂದೆ. ಬೇಡ ಅನ್ನಬಹುದೇನೋ ಎಂಬ ಆಸೆ ಒಳಗೊಳಗೆ ಇತ್ತು, ಸುಳ್ಳೇಕೆ? ಅವರು ಅನ್ನಲಿಲ್ಲ. "ಹೇಳಿ ಬನ್ನಿ. ಬರುವಾಗ ಸೀಮೆಎಣ್ಣೆ ತನ್ನಿ, ಎರಡು ಲೀಟರ್ ಬೇಕು."

ದೊರೆ ನನ್ನ ಮಾತನ್ನು ಪೂರ್ತಿ ಕೇಳಿದರು. ತಪ್ಪು ಯಾರದ್ದಾದರೂ ಲೇತ್ ತಿರುಗುವುದಿಲ್ಲವಲ್ಲ ಅಂದರು. ಮಾಲೀಕರು ಬರಲು ಹತ್ತು ದಿನವಿತ್ತು. ಅಷ್ಟರಲ್ಲಿ ತಿರುಗಿದರೆ ಇಬ್ಬರೂ ಇರಿ, ಇಲ್ಲವಾದರೆ ಗುಜರಿಯವನಿಗೆ ಹೇಳಿದ್ದಾಗಿದೆ. ಮಾತು ಅಷ್ಟೇ.

ಆ ಹತ್ತು ದಿನ ನಾನು ಸಂಜೆ ಐದರಿಂದ ಏಳರವರೆಗೆ ಅವರ ಕೈಕೆಳಗೆ ಕೆಲಸ ಮಾಡಿದೆ. ಮೊದಲ ಎರಡು ದಿನ ಅವರು ಏನನ್ನೂ ಬಿಚ್ಚಲಿಲ್ಲ. ಕಚ್ಚಿಕೊಂಡ ಅಚ್ಚಿಗೆ ಸೀಮೆಎಣ್ಣೆ ಹನಿಸುವುದು, ಕಾಯುವುದು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಮತ್ತೆ ಕಾಯುವುದು. ನನಗೆ ಗಡಿಯಾರ ನೋಡಿ ನೋಡಿ ಕುತ್ತಿಗೆ ನೋವು ಬಂತು. ಮೂರನೆಯ ದಿನ ಅಚ್ಚು ಉಗುರಿನಷ್ಟು ಸರಿಯಿತು. ಅವರು ಅದಕ್ಕೆ "ಹಾಂ, ಬಂದಿಯಾ?" ಅಂದರು, ಮುನಿಸಿಕೊಂಡು ಹೊರಗೆ ಕೂತ ಮಗುವನ್ನು ಒಳಗೆ ಕರೆದ ಹಾಗೆ.

ಬೇರಿಂಗು ಹಳದಿ ಲೋಹದ್ದು, ಎರಡು ಅರ್ಧಗಳಾಗಿ ಬಿಚ್ಚುವಂಥದ್ದು. ಮೈಯೆಲ್ಲ ಗೀರು ಬಿದ್ದಿತ್ತು. ಫಿಟ್ಟರಣ್ಣ ಹಳೆಯ ಮೂರು ಮೂಲೆಯ ಅರವೊಂದನ್ನು ಸಾಣೆ ಹಿಡಿದು ಕೆರೆಯುವ ಉಳಿಯನ್ನಾಗಿ ಮಾಡಿಕೊಂಡರು. ಅಚ್ಚಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಬೇರಿಂಗಿನಲ್ಲಿಟ್ಟು ಒಮ್ಮೆ ತಿರುಗಿಸಿ ಎತ್ತುವುದು. ನೀಲಿ ಅಂಟಿದ ಜಾಗ ಉಬ್ಬು. ಅಲ್ಲಿ ಮಾತ್ರ ಕೂದಲಿನಷ್ಟು ಕೆರೆಯುವುದು. ಮತ್ತೆ ನೀಲಿ, ಮತ್ತೆ ತಿರುಗಿಸು, ಮತ್ತೆ ಕೆರೆ. ಕೆರೆಯಲು ಕೂತ ಮೊದಲ ದಿನ ನೀಲಿ ನಾಲ್ಕೇ ಕಡೆ ಅಂಟಿತು. ಐದನೆಯ ದಿನಕ್ಕೆ ಬೇರಿಂಗಿನ ತುಂಬ ಸಣ್ಣ ಸಣ್ಣ ನೀಲಿ ಚುಕ್ಕೆ. ನನ್ನ ಕೈಗೆ ಉಳಿ ಕೊಟ್ಟಾಗ ನಾನು ಒತ್ತಿ ಎಳೆದೆ.

"ಯುದ್ಧ ಅಲ್ಲ ಇದು," ಅಂದರು. "ನೀಲಿ ಮುಟ್ಟಿದ್ದನ್ನು ಮಾತ್ರ ತೆಗೀರಿ. ಮುಟ್ಟದ್ದು ನಿಮಗೆಂತ ಮಾಡಿದೆ?"

ಬಣ್ಣದ ಕೆಲಸ ಎಲ್ಲಕ್ಕಿಂತ ಕೊನೆಗೆ ಬಂತು. ನನ್ನ ಹಸಿರನ್ನು ಪೂರ್ತಿ ಕೆರೆದು ತೆಗೆಸಿದರು, ನನ್ನಿಂದಲೇ. ಬೇರಿಂಗಿನ ಮುಚ್ಚಳದ ಅಡಿಯಲ್ಲಿ, ಬಿಸಿಲು ಕಾಣದ ಮೂಲೆಯೊಂದರಲ್ಲಿ, ಬೆರಳಗಲದಷ್ಟು ಮೂಲ ಬಣ್ಣ ಉಳಿದಿತ್ತು. ಸ್ವಲ್ಪ ನೀಲಿ ಛಾಯೆಯ ಬೂದು. ಫಿಟ್ಟರಣ್ಣ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು, ಬಿಳಿ, ಕಪ್ಪು, ನೀಲಿಯನ್ನು ಹನಿ ಹನಿಯಾಗಿ ಬೆರೆಸುತ್ತ ಅರ್ಧ ಮಧ್ಯಾಹ್ನ ಕುಳಿತರು. ಸರಿಹೋಯಿತು ಎಂದು ನನಗೆ ಅನ್ನಿಸಿದ ಮೇಲೂ ಆರು ಸಲ ತಿದ್ದಿದರು. ತುಕ್ಕು ತಡೆಯುವ ಕೆಂಪು ಪ್ರೈಮರ್ ಒಂದು ಕೈ, ಬೂದು ಎರಡು ಕೈ. ಬಣ್ಣ ಹಚ್ಚುವ ಮೊದಲು ಒಂಬತ್ತು ತೂತಿಗೂ ಗ್ರೀಸಿನಲ್ಲಿ ಅದ್ದಿದ ಹತ್ತಿಯ ಬತ್ತಿ ಇಟ್ಟರು. ಒಣಗಿದ ಮೇಲೆ ಬತ್ತಿ ತೆಗೆದು, ಪ್ರತಿ ತೂತಿನ ಸುತ್ತ ಸಣ್ಣ ಕುಂಚದಿಂದ ಕೆಂಪು ಉಂಗುರ ಬರೆದರು.

"ಇದು ಯಾರಿಗೆ?" ಎಂದು ಕೇಳಿದೆ.

"ಮಿಲಿಟರಿಯವರಿಗೆ."

ಹತ್ತನೆಯ ದಿನ ಬೆಳಿಗ್ಗೆ ದೊರೆ ಬಂದರು. ಫಿಟ್ಟರಣ್ಣ ಬೆಲ್ಟು ಏರಿಸಲಿಲ್ಲ. "ಕಿರುಬೆರಳಲ್ಲಿ ನೂಕಿ ದೊರೆ," ಅಂದರು. ದೊರೆ ನೂಕಿದರು. ಅಷ್ಟು ಭಾರದ ಅಚ್ಚು ಸದ್ದಿಲ್ಲದೆ ತಿರುಗಿತು. ಬೆರಳು ತೆಗೆದ ಮೇಲೂ ತಿರುಗುತ್ತಲೇ ಇತ್ತು. ದೊರೆ ಮತ್ತೊಮ್ಮೆ ನೂಕಿದರು. ಆಮೇಲೆ ಹೊರಟುಹೋದರು. ಗುಜರಿಯವನು ಬರಲಿಲ್ಲ. ಲೈನ್ ಮನೆಯ ಮಾತು ಮತ್ತೆ ಎತ್ತಲಿಲ್ಲ.

ಫಿಟ್ಟರಣ್ಣ ಅಲ್ಲಿ ಇನ್ನೂ ಹನ್ನೊಂದು ವರ್ಷ ಇದ್ದರು. ಪಲ್ಪರ್, ರಂಧ್ರ ಕೊರೆಯುವ ಮೆಷಿನ್, ಕುಲುಮೆಯ ಗಾಳಿಪಂಖ, ಒಂದೊಂದನ್ನೂ ಬಿಚ್ಚಿ, ತೊಳೆದು, ಅದರದ್ದೇ ಬಣ್ಣ ಹುಡುಕಿ ಹಚ್ಚಿದರು. ಪ್ರತಿ ಸಲವೂ ಸಂಜೆ ಐದಕ್ಕೆ ನಾನು ಹಾಜರು. ನನಗೆ ಗೊತ್ತಿರುವುದೆಲ್ಲ ಆ ಹನ್ನೊಂದು ವರ್ಷದ್ದು. ನಿವೃತ್ತರಾಗಿ ಊರಿಗೆ ಹೋದ ಮೇಲೂ ದೀಪಾವಳಿಗೆ ತಪ್ಪದೆ ಫೋನ್ ಮಾಡುತ್ತಿದ್ದರು. ಎರಡೇ ಪ್ರಶ್ನೆ. ನನ್ನ ಆರೋಗ್ಯ, ಲೇತಿನ ಆರೋಗ್ಯ.

ಎಸ್ಟೇಟು ಕೈ ಬದಲಾಯಿತು. ಹೊಸಬರಿಗೆ ವರ್ಕ್‌ಶಾಪು ಬೇಕಿರಲಿಲ್ಲ. ಬೀಡು ಕಬ್ಬಿಣ ಒಡೆಯುವುದು ಸುಲಭ. ಲೇತನ್ನು ಸುತ್ತಿಗೆಯಿಂದ ತುಂಡು ಮಾಡಿ ಲಾರಿಗೆ ತುಂಬಿದರು. ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ. ನಾನು ಅಲ್ಲಿಯೇ ಇದ್ದೆ... ಆ ವರ್ಷ ದೀಪಾವಳಿಗೆ ಅವರು ಕೇಳಿದಾಗ, "ಚೆನ್ನಾಗಿದೆ. ದಿನಾ ಎಣ್ಣೆ ಹಾಕ್ತಾರೆ," ಅಂದೆ. ಮುಂದಿನ ವರ್ಷವೂ ಅದನ್ನೇ ಅಂದೆ. ಅದರ ಮುಂದಿನ ವರ್ಷವೂ. ಹೀಗೆ ಆರು ದೀಪಾವಳಿ. ಏಳನೆಯದಕ್ಕೆ ಫೋನ್ ಬರಲಿಲ್ಲ. ನಾಲ್ಕು ದಿನದ ಮೇಲೆ ಅವರ ಮಗಳು ಫೋನ್ ಮಾಡಿ, ಅಪ್ಪ ಹೋದರು ಅಂದಳು.

ದೊರೆಯ ಮುಂದೆ ನಿಂತು ನಿಜ ಹೇಳಲು ನನಗೆ ಹದಿನೈದು ನಿಮಿಷವೂ ಬೇಕಾಗಿರಲಿಲ್ಲ. ಫಿಟ್ಟರಣ್ಣನಿಗೆ ಹೇಳಲು ಆರು ವರ್ಷ ಸಿಕ್ಕಿತ್ತು.

ಅದೇ ಭಾನುವಾರ ಸಂಜೆ ನಾಲ್ಕೂವರೆಗೆ ಡ್ರಿಲ್ಲಿಂಗ್ ಮೆಷಿನ್ನಿನ ಪ್ರೈಮರ್ ಮುಗಿಯಿತು. ಕೈ ಒರೆಸಿಕೊಂಡು ಫಿಟ್ಟರಣ್ಣನ ಮಗಳಿಗೆ ಫೋನ್ ಮಾಡಿದೆ. ಈಗ ಆಕೆ ಸುಳ್ಯದಲ್ಲಿ ಶಾಲೆಯ ಹೆಡ್‌ಮಿಸ್. ಲೇತಿನ ವಿಷಯದಲ್ಲಿ ನಿಮ್ಮಪ್ಪನಿಗೆ ಸುಳ್ಳು ಹೇಳಿದ್ದೆ ಅಂದೆ.

"ಯಾವ ಲೇತ್ ಅಂಕಲ್?"

ಮೊದಲಿನಿಂದ ಹೇಳಬೇಕಾಯಿತು. ಹಸಿರು ಬಣ್ಣ, ಪುಟ್ಟಿ, ದೊರೆಯ ಮಾತು, ಹತ್ತು ದಿನ. ಪುಟ್ಟಿಯ ಮಾತಿಗೆ ನಕ್ಕಳು. ಆಮೇಲೆ ನಗು ನಿಂತಿತು.

"ನನ್ನ ಎಸ್ಸೆಸ್ಸೆಲ್ಸಿ ವರ್ಷವಾ? ಆ ವರ್ಷ ನಾವು ಮನೆ ಬಿಡಬೇಕಿತ್ತಾ?"

"ಹೌದಮ್ಮ. ನಿನಗೆ ಗೊತ್ತಿರಲಿಲ್ವಾ?"

"ಇಲ್ಲ ಅಂಕಲ್. ಅಮ್ಮನಿಗೂ ಗೊತ್ತಿರಲಿಲ್ಲ ಅಂತ ಕಾಣ್ತದೆ. ಅಪ್ಪ ದಿನಾ ಏಳೂವರೆಗೆ ಬಂದು ಊಟ ಮಾಡಿ, ನನ್ನ ಲೆಕ್ಕದ ಪುಸ್ತಕ ನೋಡ್ತಿದ್ರು. ಅಷ್ಟೇ." ಮತ್ತೆ ಕೇಳಿದಳು: "ನಿಮಗೆ ಬೈಲಿಲ್ವಾ ಅವರು?"

"ಇಲ್ಲ," ಅಂದೆ. "ಒಂದು ಸಲವೂ ಇಲ್ಲ."

ಮುಂದಿನ ತಿಂಗಳು ಮಗನನ್ನು ಕರೆದುಕೊಂಡು ಮಡಿಕೇರಿಗೆ ಬರುವುದಿದೆ, ಆಗ ಮನೆಗೆ ಬರುತ್ತೇನೆ, ಪೂರ್ತಿ ಹೇಳಬೇಕು ಅಂದಳು. ಬಾ ಅಂದೆ. ಐದು ಗಂಟೆ ಐದು ನಿಮಿಷಕ್ಕೆ ಫೋನ್ ಇಟ್ಟೆ. ಬ್ರಷ್ಷನ್ನು ಎರಡು ಸಲ ತೊಳೆದು ಮೊಳೆಗೆ ನೇತುಹಾಕಿದೆ. ಶೆಡ್ಡಿನ ಬಾಗಿಲು ಹಾಕಿದೆ.